ಹೊಳಪಿಗೆ ಮೊದಲು ಅಕ್ಷರ

ಬಂಟ್ವಾಳ, ಕಾರ್ಕಳ, ಬೆಳ್ತಂಗಡಿಯ ರಸ್ತೆಗಳು ಕೂಡುವ ಗುರುವಾಯನಕೆರೆಯಂಥ ಪೇಟೆಗಳಲ್ಲಿ ಜಾತ್ರೆ, ನೇಮ, ಬಯಲಾಟಗಳ ಕಾಲ ಬಂತೆಂದರೆ ಫ್ಲೆಕ್ಸುಗಳ ಮೇಲೆ ಚಿನ್ನದ ಅಕ್ಷರಗಳು ಮೂಡುತ್ತವೆ. ದೈವದ ಲೋಹದ ಮೊಗ, ದೇವರ ಮುಂದಿನ ಹಿತ್ತಾಳೆಯ ಕಾಲುದೀಪ ನೋಡಿ ಬೆಳೆದ ಊರಿಗೆ ಈ ಆಸೆ ಸಹಜ. ಆದರೆ ಫೋಟೋಶಾಪಿನಲ್ಲಿ ಹುಟ್ಟುವ ಈ ಚಿನ್ನ ಹೆಚ್ಚಾಗಿ ಲೋಹದಂತೆ ಕಾಣುವುದೂ ಇಲ್ಲ, ಕನ್ನಡವಾಗಿ ಸಲೀಸಾಗಿ ಓದಿಸಿಕೊಳ್ಳುವುದೂ ಇಲ್ಲ. ಎದುರಿಗಿರುವ ವಸ್ತುವನ್ನು ನೋಡದೆ ಎಫೆಕ್ಟ್ ಹಾಕುವುದೇ ಈ ಎರಡು ಸೋಲಿಗೂ ಕಾರಣ.

ಮೊದಲು ಲೋಹದ ಮಾತು. ಅಕ್ಷರಕ್ಕೆ ಉಬ್ಬು ಕೊಡುವ ‘ಬೆವೆಲ್ ಅಂಡ್ ಎಂಬಾಸ್’ ತೆರೆದೊಡನೆ ಸಿಗುವ ಹೊಳಪು ಬಿಳಿ, ನೆರಳು ಕಪ್ಪು. ಹಳದಿ ಮೈಮೇಲೆ ಬಿಳಿ ಹೊಳಪು ಬಂದರೆ ಅದು ಪ್ಲಾಸ್ಟಿಕ್ ಕೊಡದ ಲಕ್ಷಣ. ಚಿನ್ನ, ಹಿತ್ತಾಳೆಗಳು ಬೆಳಕನ್ನು ತಮ್ಮ ಬಣ್ಣ ಬೆರೆಸಿಯೇ ಮರಳಿಸುತ್ತವೆ. ಹುಳಿ ಹಾಕಿ ತಿಕ್ಕಿದ ಕಾಲುದೀಪದ ಕಂಬದಲ್ಲಿ ತಿಳಿಹಳದಿಯ ಪಟ್ಟಿಯ ಪಕ್ಕದಲ್ಲೇ ಕಡುಕಂದು ಪಟ್ಟಿ ಇರುತ್ತದೆ. ಒಂದು ಬಾಗಿಲಿನ ಬೆಳಕು, ಇನ್ನೊಂದು ಒಳಗಿನ ಕತ್ತಲೆ. ಸುತ್ತಲನ್ನು ಪ್ರತಿಬಿಂಬಿಸುವುದೇ ಲೋಹದ ಗುಣ. ಆದ್ದರಿಂದ ಗ್ರೇಡಿಯೆಂಟ್ ಮೆತ್ತಗೆ ಕರಗಬಾರದು, ಅಲ್ಲಲ್ಲಿ ಥಟ್ಟನೆ ಬದಲಾಗಬೇಕು. ಹೊಳಪಿಗೆ ತಿಳಿಹಳದಿ, ನೆರಳಿಗೆ ಕಂದು ಬೇಕು. ನಾಲ್ಕು ಶಾಯಿಗಳ ಫ್ಲೆಕ್ಸ್ ಯಂತ್ರದಲ್ಲಿ ಚಿನ್ನದ ಶಾಯಿ ಇಲ್ಲದಿರುವುದರಿಂದ ಅಲ್ಲಿ ಚಿನ್ನದ ಭ್ರಮೆ ನಿಲ್ಲುವುದು ಈ ಬೆಳಕು-ಕತ್ತಲೆಯ ಅಂತರದ ಮೇಲೆಯೇ.

ಇನ್ನು ಅಕ್ಷರ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಒತ್ತಿಲ್ಲ. ನಮ್ಮ ‘ಬ್ರಹ್ಮಕಲಶೋತ್ಸವ’ ಒಂದರಲ್ಲೇ ಮೂರು ಒತ್ತುಗಳಿವೆ. ಮುಖ್ಯ ಅಕ್ಷರದ ಗೆರೆ 60 ಪಿಕ್ಸೆಲ್, ಒತ್ತಿನ ಗೆರೆ 30 ಪಿಕ್ಸೆಲ್ ದಪ್ಪವಿದೆ ಎನ್ನೋಣ. 20 ಪಿಕ್ಸೆಲಿನ ಒಳಬೆವೆಲ್ ಕೊಟ್ಟರೆ ಅಕ್ಷರದ ನಡುವೆ 20 ಪಿಕ್ಸೆಲ್ ಸಮತಟ್ಟು ಮುಖ ಉಳಿಯುತ್ತದೆ. ಒತ್ತಿನಲ್ಲಿ ಎರಡೂ ಇಳಿಜಾರು ನಡುವೆ ಡಿಕ್ಕಿ ಹೊಡೆದು ಮುಖವೇ ಮಾಯವಾಗುತ್ತದೆ. ಅದರ ಮೇಲೆ ದಪ್ಪ ಸ್ಟ್ರೋಕ್, ಅಂದರೆ ಅಂಚುಗೆರೆ, ಬಿದ್ದರೆ ‘ಧರ್ಮಸ್ಥಳ’ದ ‘ಧ’ದ ಅಡಿಯ ಸೀಳು ಮುಚ್ಚಿ ‘ದ’ ಆಗುತ್ತದೆ. ಹೀಗಾಗಿ ಬೆವೆಲಿನ ಅಳತೆಯನ್ನು ಅತಿ ತೆಳು ಒತ್ತಿನಿಂದ ತೆಗೆಯಬೇಕು. 10 ಪಿಕ್ಸೆಲಿಗೆ ಇಳಿಸಿದರೆ ಒತ್ತಿಗೂ ಮುಖ ಉಳಿಯುತ್ತದೆ.

ದೂರದಿಂದ ನೋಡುವ ಬ್ಯಾನರಿಗೆ ಇಷ್ಟು ಸೂಕ್ಷ್ಮ ಯಾಕೆ ಎನ್ನಬಹುದು. ದೂರ ಹೆಚ್ಚಿದಷ್ಟೂ ಮೊದಲು ಅಳಿಯುವುದು ಒತ್ತು, ಸೀಳುಗಳೇ. ರಾತ್ರಿ ಹೇಳಿ ಬೆಳಿಗ್ಗೆ ಕೇಳುವ ಗಿರಾಕಿಗಳ ನಡುವೆ ಡಿಸೈನರಿಗೆ ಪುರಸೊತ್ತು ಎಲ್ಲಿ ಎಂಬ ಮಾತು ನಿಜ. ಆದರೆ ತಿದ್ದಿದ ಸ್ಟೈಲನ್ನು ಒಮ್ಮೆ ಉಳಿಸಿಟ್ಟರೆ ಮುಂದಿನ ಸಲ ಅಳತೆಯೊಂದನ್ನೇ ಹೊಂದಿಸಿದರಾಯಿತು. ಚಿನ್ನದ ನಕಲೇ ಅಗ್ಗದ ಅಭಿರುಚಿ, ಬಿಟ್ಟುಬಿಡಿ ಎನ್ನುವವರನ್ನು ನಾನು ಒಪ್ಪುವುದಿಲ್ಲ. ತೆಂಕುತಿಟ್ಟಿನ ಯಕ್ಷಗಾನದ ಕಿರೀಟವೂ ಚಿನ್ನದ್ದಲ್ಲ. ಹಗುರ ಮರಕ್ಕೆ ಬೇಗಡೆ ಅಂಟಿಸಿದ್ದು. ಆದರೂ ರಂಗದ ಮೇಲೆ ಅದು ರಾಜನ ತಲೆಗೆ ಒಪ್ಪುತ್ತದೆ, ಏಕೆಂದರೆ ಅಲ್ಲಿ ಮೊದಲು ಮರದ ಕೆತ್ತನೆ ಮುಗಿಯುತ್ತದೆ, ಆಮೇಲೆ ಬೇಗಡೆ ಏರುತ್ತದೆ. ಬ್ಯಾನರಿನ ಅಕ್ಷರಕ್ಕೂ ಆ ಕ್ರಮವೇ ಸಲ್ಲಬೇಕು.