ಸುಕ್ಕಿಲ್ಲದ ಹಾಸಿಗೆ

ಬಿಂಡಿಗನವಿಲೆ ಕಡೆಯವರಿಗೆ ಕಾಯಿಲೆ ಕೈಮೀರಿತೆಂದರೆ ಬೆಳ್ಳೂರು ಕ್ರಾಸಿನ ದಾರಿಯೇ ದಾರಿ. ಆದಿಚುಂಚನಗಿರಿ ಮಠದವರು 1980ರ ದಶಕದಲ್ಲಿ ಆ ದಾರಿಯ ಬಿ.ಜಿ. ನಗರದಲ್ಲಿ ಮೆಡಿಕಲ್ ಕಾಲೇಜು, ಆಸ್ಪತ್ರೆ ಕಟ್ಟಿಸಿದ ಮೇಲೆ ನಾಗಮಂಗಲ ಸೀಮೆಯ ಎಷ್ಟೋ ಮನೆಗಳಿಗೆ ಮೈಸೂರು, ಬೆಂಗಳೂರಿನ ಅಲೆದಾಟ ತಪ್ಪಿತು. ಹೋಗಿ ಬಂದವರು ಜಗಲಿಯ ಮೇಲೆ ಕೂತು ಡಾಕ್ಟರು ಹೇಳಿದ್ದು, ಸ್ಕ್ಯಾನಿಂಗ್‌ನಲ್ಲಿ ಕಂಡದ್ದು, ಬಿಲ್ಲಿನ ಲೆಕ್ಕ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುತ್ತಾರೆ. ಹಾಸಿಗೆ ಹೇಗಿತ್ತು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ನಾನು ಹೇಳಬೇಕೆಂದಿರುವುದು ಅದನ್ನೇ. ಮನೆಯ ಹಿರಿಯರ ಜೊತೆಗೆ ಬೇರೆ ಬೇರೆ ಆಸ್ಪತ್ರೆಗಳ ವಾರ್ಡುಗಳಲ್ಲಿ ಹಗಲು ರಾತ್ರಿ ಕಳೆದಿದ್ದೇನೆ. ಅಲ್ಲಿ ನೋಡಿ ದಣಿಯದ ಚೆಲುವಿನ ಕೆಲಸ ಯಾವುದೆಂದರೆ, ರೋಗಿ ಮಲಗಿರುವಾಗಲೇ ಅವರ ಕೆಳಗಿನ ಹಾಸಿಗೆಯ ಬಟ್ಟೆ ಬದಲಾಯಿಸುವುದು. ನರ್ಸಿಂಗ್ ಮಕ್ಕಳು ಮೊದಲ ವರ್ಷದಲ್ಲೇ ಕಲಿಯುವ ಪಾಠವಿದು. ತಿಳಿದ ಕೈಗಳು ಮಾಡುವಾಗ ನೋಡಬೇಕು.

ಮೊದಲು ಮಂಚದ ಚಕ್ರದ ಬ್ರೇಕು ಬಿದ್ದಿದೆಯೇ ಎಂದು ಕಾಲಲ್ಲೇ ಒತ್ತಿ ನೋಡುತ್ತಾರೆ. ಆಮೇಲೆ ಮಾತು: 'ಅಜ್ಜೀ, ಬಟ್ಟೆ ಬದಲಾಯಿಸ್ತೀವಿ, ನಿಧಾನಕ್ಕೆ ಈ ಕಡೆ ತಿರುಗಿ.' ಒಬ್ಬಳು ಅಜ್ಜಿಯ ಭುಜ, ಸೊಂಟ ಹಿಡಿದು ತನ್ನ ಕಡೆಗೆ ಮಗ್ಗುಲಾಗಿಸುತ್ತಾಳೆ. ಇನ್ನೊಬ್ಬಳು ಹಳೆಯ ಬಟ್ಟೆಯನ್ನು ಕೊಳೆ ಒಳಗಾಗುವಂತೆ ಸುತ್ತುತ್ತಾ ಬೆನ್ನಿನವರೆಗೆ ತರುತ್ತಾಳೆ. ಅದರ ಹಿಂದೆಯೇ ಹೊಸ ಬಟ್ಟೆಯ ಅರ್ಧ ಹರಡುತ್ತದೆ, ಉಳಿದರ್ಧ ಸುರುಳಿಯಾಗಿ ಬೆನ್ನಿಗೆ ತಾಗಿ ನಿಲ್ಲುತ್ತದೆ. ಈಗ ಅಜ್ಜಿ ಆ ಸಣ್ಣ ದಿಬ್ಬ ದಾಟಿ ಇತ್ತ ಹೊರಳಬೇಕು. ಹೊರಳಿದರೆ ಆಯಿತು, ಹಳೆಯದು ಸಲೀಸಾಗಿ ಹೊರಬಂತು, ಹೊಸದು ಈ ತುದಿಯವರೆಗೆ ಬಿಗಿಯಾಯಿತು. ತೆಗೆದ ಬಟ್ಟೆಯನ್ನು ಕೊಡವುವುದಿಲ್ಲ, ಕೊಡವಿದರೆ ಧೂಳಿನ ಜೊತೆ ರೋಗಾಣುವೂ ವಾರ್ಡಿನ ತುಂಬ ಹಾರುತ್ತದೆ. ನೆಲಕ್ಕೂ ಹಾಕುವುದಿಲ್ಲ, ತಮ್ಮ ಸಮವಸ್ತ್ರಕ್ಕೂ ತಾಗಿಸಿಕೊಳ್ಳುವುದಿಲ್ಲ.

ಮೂಲೆ ಕಟ್ಟುವುದನ್ನು ನೋಡಲು ನಾನು ಎದ್ದು ನಿಲ್ಲುತ್ತೇನೆ. ಇಳಿಬಿದ್ದ ಬಟ್ಟೆಯ ಅಂಚನ್ನು ಎತ್ತಿ ಹಾಸಿಗೆಯ ಮೇಲೆ ತ್ರಿಕೋನವಾಗಿ ಮಡಚಿ, ಕೆಳಗೆ ಉಳಿದದ್ದನ್ನು ಹಾಸಿಗೆಯಡಿಗೆ ಸಿಕ್ಕಿಸಿ, ತ್ರಿಕೋನವನ್ನು ಇಳಿಸಿ ಮತ್ತೆ ಸಿಕ್ಕಿಸಿದರೆ 45 ಡಿಗ್ರಿಯ ಒಂದು ಓರೆ ಗೆರೆ ಮೂಡುತ್ತದೆ. ರೋಗಿ ಹೊರಳಾಡಿದರೂ ಅದು ಸುಲಭಕ್ಕೆ ಬಿಚ್ಚುವುದಿಲ್ಲ. ನಮ್ಮ ಬಿಂಡಿಗನವಿಲೆ ಗರುಡನಿಗೆ ಹೆಸರಾದ ಊರು. ಉತ್ಸವದ ದಿನ ಅರ್ಚಕರು ದೇವರಿಗೆ ಉಡಿಸುವ ಪಂಚೆಯ ನೆರಿಗೆಯನ್ನು ಬೆರಳ ತುದಿಯಿಂದ ತೀಡಿ ತೀಡಿ ಕೂರಿಸುವುದನ್ನು ನೋಡುತ್ತ ಬೆಳೆದ ಕಣ್ಣಿಗೆ ಈ ಮಡಿಕೆಯ ಬೆಲೆ ತಿಳಿಯುತ್ತದೆ. ಕೊನೆಗೆ ಅಂಗೈಯನ್ನು ಹಾಸಿಗೆಯ ಉದ್ದಕ್ಕೂ ಒಮ್ಮೆ ಸವರುತ್ತಾರೆ. ಸುಕ್ಕು ಇರಬಾರದು, ಬಿಸ್ಕತ್ತಿನ ಪುಡಿಯಿರಬಾರದು. ಕಾಲ ಬಳಿ ಮಾತ್ರ ಹೊದಿಕೆಯನ್ನು ಬೇಕೆಂದೇ ಸ್ವಲ್ಪ ಸಡಿಲ ಬಿಡುತ್ತಾರೆ. ಬಿಗಿಯಾದರೆ ಹೊದಿಕೆಯ ಭಾರಕ್ಕೆ ಪಾದ ಮುಂದಕ್ಕೆ ಬಾಗಿ ಹಾಗೇ ಉಳಿದುಬಿಡಬಹುದು.

ಇಷ್ಟೆಲ್ಲ ಯಾಕೆಂದರೆ, ಸುಕ್ಕು ಹುಣ್ಣಿನ ಬೀಜ. ತಾನಾಗಿ ಹೊರಳಲಾಗದವರ ಮೈಭಾರವೆಲ್ಲ ಮೂಳೆ ಎದ್ದ ಜಾಗಗಳ ಮೇಲೆ ಬೀಳುತ್ತದೆ: ತಲೆಯ ಹಿಂಬದಿ, ಹೆಗಲ ಎಲುಬು, ಮೊಣಕೈ, ಸೊಂಟದ ಕೆಳಗಿನ ತ್ರಿಕಾಸ್ಥಿ, ಹಿಮ್ಮಡಿ. ಅಲ್ಲಿ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದೆ ಅದು ಒಳಗಿನಿಂದ ಸಾಯತೊಡಗುತ್ತದೆ. ಹಾಸಿಗೆ ಹುಣ್ಣು ಬಂದರೆ ಅದನ್ನು ರೋಗದ ತಲೆಗೆ ಕಟ್ಟುವ ಮೊದಲು ಆರೈಕೆಯನ್ನು ಕೇಳಿ ಎಂಬ ಅರ್ಥದ ಮಾತನ್ನು ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಪುಸ್ತಕದಲ್ಲೇ ಬರೆದಿದ್ದರು. ಆದರೂ ಜಗತ್ತು ಬಹುಕಾಲ ಮುಲಾಮು ಹುಡುಕಿತು. ನಮ್ಮಲ್ಲೂ ಬೆನ್ನಿಗೆ ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ ಉಜ್ಜುತ್ತಿದ್ದರು. 1962ರಲ್ಲಿ ಡೊರೀನ್ ನಾರ್ಟನ್ ಎಂಬ ಇಂಗ್ಲಿಷ್ ನರ್ಸ್ ಮತ್ತು ಅವರ ಜೊತೆಯವರು ಆಸ್ಪತ್ರೆ ಸೇರಿದ ವಯಸ್ಸಾದವರನ್ನು ಗಮನಿಸಿ, ಹುಣ್ಣು ತಡೆಯಲು ಲೇಪನಗಳಿಗಿಂತ ಹೊತ್ತುಹೊತ್ತಿಗೆ ಮಗ್ಗುಲು ಬದಲಾಯಿಸುವುದೇ ದೊಡ್ಡದೆಂದು ತೋರಿಸಿದರು. ಕೆಂಪಾದ ಜಾಗವನ್ನು ಉಜ್ಜಬಾರದು, ಉಜ್ಜಿದರೆ ನೊಂದ ಚರ್ಮ ಇನ್ನಷ್ಟು ಹರಿಯುತ್ತದೆ ಎಂದು ಈಗ ಕಲಿಸುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ಒತ್ತಿದರೂ ಬಿಳಿಚದ ಕೆಂಪು ಕಂಡರೆ ಹುಣ್ಣಿನ ಮೊದಲ ಹಂತ ಎನ್ನುತ್ತವೆ ಪುಸ್ತಕಗಳು. ಬಿಸಿಲಲ್ಲಿ ದುಡಿದ ನಮ್ಮ ಹಳ್ಳಿಯವರ ಕಪ್ಪು ಮೈಮೇಲೆ ಆ ಕೆಂಪು ಕಾಣುವುದು ಕಷ್ಟ. ಆಗ ಕಣ್ಣಿನ ಕೆಲಸವನ್ನು ಬೆರಳ ಹಿಂಬದಿ ವಹಿಸಿಕೊಳ್ಳಬೇಕು. ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿಯಿದೆಯೇ, ಗಟ್ಟಿಯಿದೆಯೇ, ಮುಟ್ಟಿದರೆ ಅವ್ವ ಮುಖ ಹಿಂಡುತ್ತಾಳೆಯೇ? ಮೈ ಒರೆಸುವ ನೆಪದಲ್ಲೇ ಇದನ್ನೆಲ್ಲ ಓದಿಬಿಡುವ ಹುಡುಗಿಯರಿದ್ದಾರೆ. ಅವರ ಬೆರಳುಗಳ ಜಾಣತನಕ್ಕೆ ನಾನು ಮನಸೋತಿದ್ದೇನೆ.

ಹೆಸರು ಕೇಳುವ ರೀತಿಯೂ ಅಂಥದ್ದೇ. ನಮ್ಮ ಸೀಮೆಯಲ್ಲಿ ಒಂದೇ ವಾರ್ಡಿನಲ್ಲಿ ಇಬ್ಬರು ನಿಂಗಮ್ಮ, ಮೂವರು ಜಯಮ್ಮ ಮಲಗಿರುವುದು ತೀರ ಸಾಮಾನ್ಯ. ಮಾತ್ರೆ ಹಿಡಿದುಕೊಂಡು ಬಂದು 'ನಿಂಗಮ್ಮ ಅಲ್ವಾ?' ಅಂದರೆ ಅರೆನಿದ್ದೆಯಲ್ಲಿರುವ, ಕಿವಿ ಮಂದವಾದ ಮುದುಕಿ ಯಾರೇ ಆದರೂ 'ಹೂಂ ಕಣವ್ವ' ಅಂದುಬಿಡುತ್ತಾಳೆ. ದೊಡ್ಡ ಮನುಷ್ಯರ ಮುಂದೆ ಇಲ್ಲ ಅನ್ನಬಾರದೆಂದು ಬೆಳೆದ ಜೀವ ಅದು. ಆದ್ದರಿಂದ ಚೆನ್ನಾಗಿ ಕಲಿತವಳು ಉತ್ತರವನ್ನು ತಾನೇ ಬಾಯಿಗಿಡುವುದಿಲ್ಲ. 'ನಿಮ್ಮ ಹೆಸರೇನಮ್ಮಾ?' ಎಂದು ಕೇಳುತ್ತಾಳೆ, ಕೇಸ್ ಶೀಟಿನ ನಂಬರನ್ನು ಕೈಪಟ್ಟಿಯ ನಂಬರಿನೊಂದಿಗೆ ಹೊಂದಿಸಿ ನೋಡುತ್ತಾಳೆ. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು ಎಂಬ ಐದನ್ನು ತರಗತಿಯಲ್ಲಿ ಬಾಯಿಪಾಠ ಮಾಡಿದ್ದು ನಿಜವಾದ ಪಾಠವಾಗುವುದು ಈ ಒಂದು ಪ್ರಶ್ನೆಯಲ್ಲಿ. ಅಜ್ಜಿಗೂ ಅದರಲ್ಲಿ ಸಂತೋಷವಿದೆ, ತನ್ನ ಹೆಸರನ್ನು ತಾನೇ ಹೇಳುವ ಅವಕಾಶ ಎಷ್ಟು ಜನ ಕೊಡುತ್ತಾರೆ?

ಉಸಿರು ಎಣಿಸುವಾಗ ಮಾತ್ರ ರೋಗಿಗೆ ಏನೂ ಹೇಳಬಾರದು. ಹೇಳಿದರೆ ಅವರ ಗಮನ ಉಸಿರಿನ ಮೇಲೆ ಹೋಗಿ ಲಯ ಬದಲಾಗುತ್ತದೆ. ಅದಕ್ಕೇ ನಾಡಿ ಎಣಿಸಿ ಮುಗಿದ ಮೇಲೂ ಕೈ ಬಿಡದೆ, ಇನ್ನೂ ನಾಡಿಯನ್ನೇ ನೋಡುತ್ತಿರುವಂತೆ ನಿಂತು, ಎದೆ ಏರಿ ಇಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತಾರೆ. ದೊಡ್ಡವರಿಗೆ 12ರಿಂದ 20 ಇದ್ದರೆ ಸರಿ. ಅವಸರದ ವಾರ್ಡಿನಲ್ಲಿ 'ಇಪ್ಪತ್ತು' ಎಂದು ಅಂದಾಜಿಗೆ ಬರೆದುಬಿಡುವುದು ಸುಲಭ. ಆದರೆ ಮೈಯೊಳಗೆ ಕೆಡುಕು ಶುರುವಾದಾಗ ಬಿ.ಪಿ. ಬೀಳುವ ಮೊದಲೇ ಉಸಿರು ಏರಿರುವುದು ಎಷ್ಟೋ ಸಲ ಉಂಟು. ಒಂದು ನಿಮಿಷ ನಿಜವಾಗಿ ನಿಂತವಳಿಗೆ ಅದು ಸಿಗುತ್ತದೆ.

ಡ್ರಿಪ್ಪಿನ ಹನಿಯ ಲೆಕ್ಕವೂ ನನಗೆ ಪ್ರೀತಿಯದು. 500 ಮಿ.ಲೀ. ಬಾಟಲಿ 8 ಗಂಟೆಯಲ್ಲಿ ಹೋಗಬೇಕು, ಒಂದು ಮಿ.ಲೀ.ಗೆ 20 ಹನಿ ಬೀಳುವ ಸೆಟ್ಟಾದರೆ ಒಟ್ಟು 10,000 ಹನಿ, 480 ನಿಮಿಷ, ಅಂದರೆ ನಿಮಿಷಕ್ಕೆ ಸುಮಾರು 21. ಗಡಿಯಾರವನ್ನು ಹನಿ ಬೀಳುವ ಕೊಳವೆಯ ಪಕ್ಕಕ್ಕೇ ಹಿಡಿದು ಎಣಿಸಬೇಕು, ಕಣ್ಣು ಅತ್ತಿಂದಿತ್ತ ಹೋದರೆ ಲೆಕ್ಕ ತಪ್ಪುತ್ತದೆ. ಜೊತೆಗಿರುವ ನಮ್ಮವರು 'ಬೇಗ ಮುಗೀಲಿ, ಕೊನೇ ಬಸ್ಸು ಹಿಡೀಬೇಕು' ಎಂದು ಹನಿಯ ವೇಗ ಹೊಂದಿಸುವ ಚಿಕ್ಕ ಚಕ್ರವನ್ನು ತಿರುಗಿಸಿಬಿಡುತ್ತಾರೆ. ದಯವಿಟ್ಟು ಮುಟ್ಟಬೇಡಿ. ಬಳಲಿದ ಹೃದಯಕ್ಕೆ ಆ ನೀರನ್ನೆಲ್ಲ ಒಮ್ಮೆಲೇ ತಳ್ಳುವ ಶಕ್ತಿಯಿರುವುದಿಲ್ಲ, ಅದು ಶ್ವಾಸಕೋಶದಲ್ಲಿ ನಿಲ್ಲಬಹುದು.

ಕೈ ತೊಳೆಯುವುದರ ಬಗ್ಗೆ ಕೊರೊನಾ ಕಾಲದಿಂದ ಎಲ್ಲರಿಗೂ ಗೊತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ ಕೈ ಶುಚಿಗೆ ಐದು ಸಂದರ್ಭಗಳನ್ನು ಹೇಳಿದೆ. ಐದನೆಯದು ಮಾತ್ರ ನನ್ನ ಮನಸ್ಸಿನಲ್ಲಿ ಉಳಿದಿದೆ: ರೋಗಿಯನ್ನು ಮುಟ್ಟದಿದ್ದರೂ, ಅವರ ಮಂಚದ ಕಂಬಿಯನ್ನೋ ಪಕ್ಕದ ಮೇಜನ್ನೋ ಮುಟ್ಟಿದರೆ ಸಾಕು, ಕೈ ಶುಚಿ ಮಾಡಿಕೊಂಡೇ ಮುಂದಿನ ಮಂಚಕ್ಕೆ ಹೋಗಬೇಕು. ಯಾರೂ ನೋಡುತ್ತಿಲ್ಲದ ರಾತ್ರಿ ಎರಡು ಗಂಟೆಗೆ, ಬರೀ ಕಂಬಿ ಮುಟ್ಟಿದ್ದಕ್ಕೆ 20 ಸೆಕೆಂಡ್ ನಿಂತು ಬೆರಳ ಸಂದು, ಹೆಬ್ಬೆರಳು, ಉಗುರ ತುದಿಯನ್ನು ಸ್ಯಾನಿಟೈಸರ್‌ನಲ್ಲಿ ಉಜ್ಜಿಕೊಂಡ ಹುಡುಗಿಯನ್ನು ನಾನು ಕಂಡಿದ್ದೇನೆ. ಅವಳಿಗೆ ಇಪ್ಪತ್ತು ವರ್ಷವಾಗಿತ್ತೋ ಇಲ್ಲವೋ.

ಈ ಕೆಲಸದ ಚೆಲುವಿಗೆ ಒಂದು ಕಷ್ಟವಿದೆ. ಅದು ಸರಿಯಾಗಿ ಆದಾಗ ಏನೂ ಆಗುವುದಿಲ್ಲ. ಹುಣ್ಣು ಬರುವುದಿಲ್ಲ, ರೋಗಿ ಬೀಳುವುದಿಲ್ಲ, ಗಂಜಿ ನೆತ್ತಿಗೆ ಹತ್ತುವುದಿಲ್ಲ. ಏನೂ ಆಗದಿದ್ದುದಕ್ಕೆ ಯಾರು ಕೈಮುಗಿಯುತ್ತಾರೆ? ಹಾಗಾಗಿ ಆಪರೇಷನ್ ಮಾಡಿದ ಡಾಕ್ಟರ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ, ಮಗ್ಗುಲು ಬದಲಾಯಿಸಿದ ಸಿಸ್ಟರ್ ಹೆಸರು ಮನೆಯವರಿಗೂ ಗೊತ್ತಿರುವುದಿಲ್ಲ. ಇದು ತಪ್ಪು, ಮತ್ತು ನಾವು ತಿದ್ದಿಕೊಳ್ಳಬಹುದಾದ ತಪ್ಪು.

ಲಕ್ವ ಹೊಡೆದ ಅಜ್ಜಿಯೊಬ್ಬರನ್ನು ಮನೆಗೆ ಕಳಿಸುವ ದಿನ ನಾನು ಪಕ್ಕದ ಮಂಚದ ಹತ್ತಿರವಿದ್ದೆ. ಡ್ಯೂಟಿಯಲ್ಲಿದ್ದ ನರ್ಸ್ ಸೊಸೆಯನ್ನು ಕೂರಿಸಿಕೊಂಡು ದಿನಚರಿ ಕೇಳತೊಡಗಿದರು. ಎರಡು ಗಂಟೆಗೊಮ್ಮೆ ತಿರುಗಿಸಿ ಎಂದು ಹೇಳಿ ಕಳಿಸಿಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಡೇರಿಗೆ ಹಾಲು ಹಾಕಿ ಬರೋದು ಎಷ್ಟೊತ್ತಿಗೆ, ಮುದ್ದೆ ಮಾಡೋದು ಎಷ್ಟೊತ್ತಿಗೆ, ಹೊಲಕ್ಕೆ ಹೋದರೆ ಮನೆಯಲ್ಲಿ ಯಾರಿರುತ್ತಾರೆ? ಹಾಲು ಹಾಕಿ ಬಂದ ಕೂಡಲೇ ಎಡ ಮಗ್ಗುಲು, ಮುದ್ದೆ ಮಾಡಿ ಎದ್ದ ಮೇಲೆ ಬಲ ಮಗ್ಗುಲು, ತಿನ್ನಿಸುವಾಗ ದಿಂಬು ಕೊಟ್ಟು ನೆಟ್ಟಗೆ ಕೂರಿಸುವುದು, ತಿನ್ನಿಸಿದ ಮೇಲೂ ಅರ್ಧ ಗಂಟೆ ಮಲಗಿಸದಿರುವುದು, ಹೀಗೆ ಆ ಮನೆಯ ಕೆಲಸಗಳ ನಡುನಡುವೆಯೇ ಅಜ್ಜಿಯ ಆರೈಕೆಯನ್ನು ಸೇರಿಸುತ್ತ ಹೋದರು.

'ರಾತ್ರಿ ಹೆಂಗೆ ಮಾಡ್ಲಿ ಸಿಸ್ಟರ್, ನಾನೊಬ್ಬಳೇಯ?' ಎಂದಳು ಸೊಸೆ.

'ನಿಮ್ಮನೆಯವರು ಎಲ್ಲಿ? ಕರೀರಿ.'

ಆತ ಟೀ ಅಂಗಡಿಯಿಂದ ಬಂದ. ಮೊದಲು ಕೈ ತೊಳೆದು ಬರಲು ಕಳಿಸಿದರು. ಬಂದವನು ತಾಯಿಯ ಕಂಕುಳಿಗೆ ಕೈ ಹಾಕಿ ಎಳೆಯಲು ಹೋದ. 'ಎಳೀಬೇಡಿ, ಚರ್ಮ ಹರಿಯುತ್ತೆ. ಕೆಳಗಿರೋ ಬಟ್ಟೆ ಹಿಡ್ಕೊಳ್ಳಿ, ನೀವು ಆ ಕಡೆ, ಇವರು ಈ ಕಡೆ, ಒಂದೇ ಸಲ ಎತ್ತಬೇಕು.' ಮೊದಲ ಸಲ ಗಂಡ ಹೆಂಡತಿ ಹಿಂದೆ ಮುಂದೆ ಎತ್ತಿದರು, ಅಜ್ಜಿ ವಾಲಿದರು. ಎರಡನೆಯ ಸಲ ಇಬ್ಬರೂ ಒಟ್ಟಿಗೆ ಎತ್ತಿದರು. ನರ್ಸ್ ಅಜ್ಜಿಯ ಬೆನ್ನಿನ ಕೆಳಗೆ ಕೈ ಆಡಿಸಿ, ಬಟ್ಟೆ ಸುಕ್ಕಾಗಿಲ್ಲವೆಂದು ನೋಡಿ, 'ಇನ್ನೊಂದ್ಸಲ ಮಾಡಿ ತೋರ್ಸಿ, ಆಮೇಲೆ ಗಾಡಿ ಕರ್ಸಿ' ಎಂದರು.