ಅರೋಚಕಿಯೂ ತತ್ತ್ವಾಭಿನಿವೇಶಿಯೂ: ರಸಜ್ಞತೆಯ ವಿಚಾರ

ಕಾವ್ಯವನ್ನು ಬಲ್ಲವನಾರು ಎಂಬ ಪ್ರಶ್ನೆಯು ಕಾವ್ಯವೆಂದರೇನು ಎಂಬ ಪ್ರಶ್ನೆಯಷ್ಟೇ ಪ್ರಾಚೀನವಾದುದು. ಯಾವ ಕೃತಿಯೂ ಸುಲಭವಾಗಿ ರುಚಿಸದವನನ್ನು ದೊಡ್ಡ ರಸಜ್ಞನೆಂದು ಗೌರವಿಸುವುದು ಲೋಕದ ವಾಡಿಕೆ. ಮೆಚ್ಚುವುದು ಸುಲಭ, ಮೆಚ್ಚದಿರುವುದು ವಿದ್ವತ್ತಿನ ಗುರುತು ಎಂಬ ಭಾವನೆಯು ಪಾಠಶಾಲೆಗಳಲ್ಲಿಯೂ ವಿದ್ವದ್ಗೋಷ್ಠಿಗಳಲ್ಲಿಯೂ ಬೇರೂರಿದೆ. ಈ ಭಾವನೆಯು ನಮ್ಮ ಲಾಕ್ಷಣಿಕರಿಗೆ ಸಮ್ಮತವೇ ಎಂಬುದು ವಿಚಾರಾರ್ಹವಾಗಿದೆ.

ಕ್ರಿ. ಶ. 900ರ ಸುಮಾರಿನಲ್ಲಿದ್ದ ರಾಜಶೇಖರನ ‘ಕಾವ್ಯಮೀಮಾಂಸೆ’ಯು ಬಡೋದೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ 1916ರಲ್ಲಿ ಅಚ್ಚಾಯಿತು. ಅದರ ನಾಲ್ಕನೆಯ ಅಧ್ಯಾಯದಲ್ಲಿ ಪ್ರತಿಭೆಯು ಎರಡು ಬಗೆಯೆಂದು ಹೇಳಿದೆ. ಕವಿಗೆ ಉಪಕಾರಕವಾದುದು ಕಾರಯಿತ್ರಿ. ಭಾವಕನಿಗೆ ಉಪಕಾರಕವಾದುದು ಭಾವಯಿತ್ರಿ. ಓದುವವನ ಶಕ್ತಿಯನ್ನೂ ಪ್ರತಿಭೆಯೆಂದು ಕರೆದುದೇ ಗಮನಾರ್ಹ. ಬಳಿಕ ಆತನು ಭಾವಕರನ್ನು ನಾಲ್ಕಾಗಿ ವಿಂಗಡಿಸುತ್ತಾನೆ. ಯಾವುದೂ ರುಚಿಸದವನು ಅರೋಚಕಿ. ಕಾಳಿನೊಡನೆ ಹುಲ್ಲನ್ನೂ ತಿನ್ನುವಂತೆ ಸಿಕ್ಕಿದುದೆಲ್ಲವನ್ನೂ ಸವಿಯುವವನು ಸತೃಣಾಭ್ಯವಹಾರಿ. ಪರರ ಗುಣವನ್ನು ಕಂಡೂ ಹೇಳದೆ ಸುಮ್ಮನಿರುವವನು ಮತ್ಸರಿ. ಕಾವ್ಯದ ತತ್ತ್ವದಲ್ಲಿ ಮನಸ್ಸನ್ನು ನೆಲೆಗೊಳಿಸಿದವನು ತತ್ತ್ವಾಭಿನಿವೇಶಿ. ಈ ಕಡೆಯವನು ಸಾವಿರಕ್ಕೊಬ್ಬನೆಂಬುದು ಗ್ರಂಥಕಾರನ ಮತ.

ಇವರಲ್ಲಿ ಅರೋಚಕಿಯ ವಿಷಯವು ಸೂಕ್ಷ್ಮವಾದುದು. ಅರೋಚಕವೆಂಬುದು ವೈದ್ಯಶಾಸ್ತ್ರದಲ್ಲಿ ಅನ್ನ ರುಚಿಸದಿರುವ ರೋಗದ ಹೆಸರು. ರೋಗಿಯು ಊಟವನ್ನು ಒಲ್ಲೆನೆಂದರೆ ಅದರಿಂದ ಅಡುಗೆಯ ದೋಷವು ಸಿದ್ಧವಾಗುವುದಿಲ್ಲ. ರಾಜಶೇಖರನು ಅರೋಚಕಿತೆಯಲ್ಲಿ ಎರಡು ಮೂಲಗಳನ್ನು ಕಾಣುತ್ತಾನೆ: ಒಂದು ಸ್ವಭಾವಜನ್ಯ, ಇನ್ನೊಂದು ಜ್ಞಾನಜನ್ಯ. ಮೊದಲನೆಯದು ತವರದ ಕಪ್ಪಿನಂತೆ ನೂರು ಸಂಸ್ಕಾರಗಳಿಂದಲೂ ಹೋಗದು. ಎರಡನೆಯದಾದರೋ, ವಿಶಿಷ್ಟವಾದ ವಾಕ್ಯವು ಎದುರಾದೊಡನೆ ರುಚಿಯಾಗಿ ತಿರುಗುವುದು. ಅಂತೂ ಇಬ್ಬರ ಹೊರಗಣ ಚಿಹ್ನೆಯೂ ನಿರಾಕರಣೆಯೇ; ಅವರ ಅಂತರವು ತಿಳಿಯುವುದು ಒಳ್ಳೆಯದು ಬಂದಾಗ ಮಾತ್ರ. ಆದುದರಿಂದ ವಿಮರ್ಶಕನು ಯಾವುದನ್ನು ತಳ್ಳಿದನೆಂಬುದು ಅವನ ರಸಜ್ಞತೆಗೆ ಪೂರ್ಣ ಪ್ರಮಾಣವಲ್ಲ. ಯಾವುದನ್ನು, ಯಾವ ಕಾರಣದಿಂದ ಅಂಗೀಕರಿಸಬಲ್ಲನೆಂಬುದೇ ನಿಜವಾದ ಪರೀಕ್ಷೆ.

ಇಂತಹ ವಿವೇಕಕ್ಕೆ ಕನ್ನಡದಲ್ಲಿಯೇ ನಿದರ್ಶನವಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಸಂಸ್ಕೃತ ಕನ್ನಡ ಪದಗಳನ್ನು ಸಮಾಸಗೊಳಿಸುವುದನ್ನು ನಿಷೇಧಿಸುತ್ತದೆ. ಅದು ಕುದಿಯುವ ಹಾಲಿನಲ್ಲಿ ಮಜ್ಜಿಗೆಯ ಹನಿಗಳನ್ನು ಬೆರಸಿದಂತೆ ವಿರಸವೆಂಬುದು ಅಲ್ಲಿಯ ಉಪಮೆ. ಈ ಉಪಮೆಯ ಔಚಿತ್ಯವನ್ನು ನೋಡಬೇಕು. ಹಾಲೂ ಕೆಟ್ಟುದಲ್ಲ, ಮಜ್ಜಿಗೆಯೂ ಕೆಟ್ಟುದಲ್ಲ, ದೋಷವಿರುವುದು ಕೂಡಿಕೆಯಲ್ಲಿ. ದಂಡಿಯನ್ನು ಬಹುವಾಗಿ ಅನುಸರಿಸಿ, ಸಂಸ್ಕೃತ ಶಬ್ದಗಳನ್ನು ಧಾರಾಳವಾಗಿ ಬಳಸಿದ ಗ್ರಂಥವೇ ಈ ಮಾತನ್ನು ಹೇಳುತ್ತಿರುವುದರಿಂದ, ಇದು ಸಂಸ್ಕೃತದ್ವೇಷವಲ್ಲವೆಂಬುದು ಸ್ಪಷ್ಟ. ‘ಅರಮನೆ’ ಎಂದರೆ ಕಿವಿಗೆ ಹಿತ, ‘ರಾಜಗೃಹ’ವೆಂದರೂ ಹಿತ, ‘ರಾಜಮನೆ’ ಎಂದೊಡನೆ ಕಿವಿ ತಡೆಯುತ್ತದೆ. ಆ ತಡೆಯನ್ನು ಗುರುತಿಸಿ ಅದಕ್ಕೆ ಕಾರಣವನ್ನು ಕೊಡುವುದೇ ಜ್ಞಾನಜನ್ಯವಾದ ಅರುಚಿ.

ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಅರಿಸಮಾಸವು ದೋಷವೆಂದು ಒಪ್ಪಿಯೂ, ಬಿರುದಾವಳಿಗಳಲ್ಲಿಯೂ ಪೂರ್ವಕವಿಗಳ ಪ್ರಯೋಗಗಳಲ್ಲಿಯೂ ಅದು ಸಲ್ಲುವುದೆನ್ನುತ್ತಾನೆ. ಇದನ್ನು ನಿಯಮದ ಶೈಥಿಲ್ಯವೆಂದು ತಿಳಿಯಲಾಗದು. ಬಿರುದಿನ ಆರ್ಭಟಕ್ಕೆ ಒಂದು ಕಿವಿ, ಕಾವ್ಯದ ಮಾಧುರ್ಯಕ್ಕೆ ಒಂದು ಕಿವಿ ಎಂಬ ವಿವೇಚನೆಯೂ, ಮಹಾಕವಿಗಳ ಪ್ರಯೋಗದ ಮುಂದೆ ಸೂತ್ರವು ತಲೆಬಾಗಬೇಕೆಂಬ ವಿನಯವೂ ಅದರಲ್ಲಿವೆ. ‘ರಾಜಮನೆತನ’ವೆಂಬ ಮಾತು ಇಂದು ಯಾರಿಗೂ ಕಠೋರವಾಗಿ ತೋರದು. ಅದನ್ನು ಸೂತ್ರಬಲದಿಂದ ಹೊರಹಾಕಲೆಳಸುವವನು ಶಾಸ್ತ್ರವನ್ನು ಬಲ್ಲನೇ ಹೊರತು ನುಡಿಯನ್ನು ಬಲ್ಲವನಲ್ಲ.

ರುಚಿಯು ಅಭ್ಯಾಸದಿಂದ ಬರುವುದೋ ಹುಟ್ಟಿನಿಂದಲೋ ಎಂಬ ಸಂದೇಹವು ಇಲ್ಲಿ ಏಳಬಹುದು. ಓದನ್ನು ಕೈಕೊಳ್ಳದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರಾದವರು ಕನ್ನಡನಾಡಿನ ಜನರೆಂದು ಕವಿರಾಜಮಾರ್ಗವು ಹೊಗಳುತ್ತದೆ. ಕಾಶ್ಮೀರದ ಅಭಿನವಗುಪ್ತನಾದರೋ, ಕಾವ್ಯದ ನಿರಂತರ ಅನುಶೀಲನದಿಂದ ಮನಸ್ಸೆಂಬ ಕನ್ನಡಿಯು ತಿಳಿಯಾಗಿ, ವರ್ಣಿತವಾದುದರಲ್ಲಿ ತನ್ಮಯನಾಗಬಲ್ಲವನೇ ಸಹೃದಯನೆನ್ನುತ್ತಾನೆ. ಮೇಲ್ನೋಟಕ್ಕೆ ಇವು ವಿರುದ್ಧ. ವಾಸ್ತವದಲ್ಲಿ, ಜನರ ನುಡಿಜಾಣ್ಮೆಯೇ ಕನ್ನಡಿಯ ಗಾಜು, ಅನುಶೀಲನವು ಅದನ್ನು ಒರಸುವ ಕೆಲಸ. ಗಾಜಿಲ್ಲದೆ ಒರಸಿ ಫಲವಿಲ್ಲ. ಒರಸದ ಗಾಜಿನಲ್ಲಿ ಬಿಂಬವು ನಿಲ್ಲದು. ಕವಿರಾಜಮಾರ್ಗಕಾರನೂ ಜನರನ್ನು ಹೊಗಳಿ ಅಲ್ಲಿಗೇ ನಿಲ್ಲದೆ ಲಕ್ಷಣಗ್ರಂಥವನ್ನು ಬರೆದುದಕ್ಕೆ ಕಾರಣ ಇದೇ ಆಗಿರಬೇಕು.

ಸಾಹಿತ್ಯವನ್ನು ಬೋಧಿಸುವವರಿಗೆ ಈ ವಿಚಾರವು ಮುಖ್ಯವಾದುದು. ಸತೃಣಾಭ್ಯವಹಾರಿತೆಯು ಕಲಿಯಲು ತೊಡಗಿದವನಿಗೆ ಸಾಮಾನ್ಯವೆಂದು ರಾಜಶೇಖರನೇ ಹೇಳಿದ್ದಾನೆ. ಕುತೂಹಲದಿಂದ ಎಲ್ಲವನ್ನೂ ಮೆಚ್ಚುವ ವಿದ್ಯಾರ್ಥಿಯಲ್ಲಿ ವಿವೇಕವು ಇನ್ನೂ ಹುಟ್ಟಿಲ್ಲವಾದರೂ ಹಸಿವಂತೂ ಇದೆ. ಅವನಿಗೆ ಮೊದಲು ಜರೆಯುವುದನ್ನು ಕಲಿಸಿದರೆ ವಿವೇಕವು ಬರುವ ಮೊದಲೇ ಹಸಿವು ಸಾಯುವುದು. ಅವನು ಹುಲ್ಲಿನೊಡನೆ ಕಾಳನ್ನೂ ಬಿಟ್ಟಾನು. ಗುಣವನ್ನು ತೋರಿಸಿ, ಅದರ ಕಾರಣವನ್ನು ಹೇಳಿ, ಆ ಬಳಿಕ ದೋಷವನ್ನು ಅದರ ಪಕ್ಕದಲ್ಲಿರಿಸುವುದು ಕ್ರಮ. ಹಾಲಿನ ರುಚಿಯನ್ನು ಬಲ್ಲವನಿಗೆ ಮಾತ್ರ ಮಜ್ಜಿಗೆಯ ಹನಿಯು ಏನು ಕೆಡಿಸಿತೆಂಬುದು ತಿಳಿಯುತ್ತದೆ.