ಅಳಿಸಿದರೂ ಉಳಿಯುವ ಗೆರೆ

ಬೇಡವಾದ ಗೆರೆಗಳನ್ನು ಅಳಿಸಿ, ಅಚ್ಚುಕಟ್ಟಾದುದನ್ನಷ್ಟೇ ನಮ್ಮ ಮುಂದಿಡುವುದು ಚಿತ್ರಕಾರರ ವಾಡಿಕೆ. ದಕ್ಷಿಣ ಆಫ್ರಿಕದ ವಿಲಿಯಂ ಕೆಂಟ್ರಿಜ್ ಈ ವಾಡಿಕೆಯನ್ನು ಬುಡಮೇಲು ಮಾಡಿದ್ದಾರೆ. ೧೯೫೫ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಹುಟ್ಟಿದ ಇವರು ೧೯೮೯ರಿಂದ ರಚಿಸುತ್ತ ಬಂದಿರುವ ಚಲಿಸುವ ಚಿತ್ರಗಳಲ್ಲಿ ಅಳಿಸಿದ ಗುರುತಿಗೇ ಪ್ರಾಧಾನ್ಯ. ಕವಿಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದವನ್ನು ಕುತೂಹಲದಿಂದ ಓದುವ ನನ್ನಂಥ ಕನ್ನಡ ಮೇಷ್ಟರಿಗೆ ಇದು ಹಿಡಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಅವರ ವಿಧಾನ ಸರಳ. ದೊಡ್ಡ ಕಾಗದದ ಮೇಲೆ ಇದ್ದಿಲಿನಿಂದ ಚಿತ್ರ ಬರೆದು, ಅದನ್ನು ಕ್ಯಾಮೆರಾದಲ್ಲಿ ಹಿಡಿಯುತ್ತಾರೆ. ಮತ್ತೆ ಕಾಗದದ ಬಳಿ ಬಂದು ಒಂದಿಷ್ಟು ಒರಸಿ, ಒಂದಿಷ್ಟು ಸೇರಿಸಿ, ಪುನಃ ಹಿಡಿಯುತ್ತಾರೆ. ಸಾಮಾನ್ಯ ಕಾರ್ಟೂನ್ ಚಿತ್ರಕ್ಕೆ ಸಾವಿರಾರು ಬೇರೆ ಬೇರೆ ಚಿತ್ರಗಳು ಬೇಕು. ಸುಮಾರು ಒಂಬತ್ತು ನಿಮಿಷದ ‘ಫೀಲಿಕ್ಸ್ ಇನ್ ಎಕ್ಸೈಲ್’ಗೆ (೧೯೯೪) ೪೦ ಸಾಕಾದುವು. ಇದ್ದಿಲು ಸ್ಲೇಟಿನ ಬಳಪದಂತಲ್ಲ; ಎಷ್ಟು ಒರಸಿದರೂ ಮಬ್ಬು ಕಲೆ ಉಳಿಯುತ್ತದೆ. ಮನುಷ್ಯ ಮುಂದೆ ನಡೆದರೆ ಅವನು ನಿಂತಿದ್ದ ಜಾಗವೆಲ್ಲ ನೆರಳಾಗಿ ಹಿಂದೆ ಉಳಿಯುತ್ತದೆ.

ಈ ಚಿತ್ರ ಸಿದ್ಧವಾದುದು ೧೯೯೪ರ ಏಪ್ರಿಲ್ ಚುನಾವಣೆಗೆ, ಎಂದರೆ ಅಲ್ಲಿ ಎಲ್ಲ ಬಣ್ಣದ ಜನರೂ ಮೊದಲ ಬಾರಿಗೆ ಮತ ಹಾಕಿದ ಚುನಾವಣೆಗೆ, ತುಸು ಮುಂಚೆ. ಹೊಸ ಬಾಳಿನ ಸಂಭ್ರಮದಲ್ಲಿ ಸತ್ತವರನ್ನು ಮರೆಯುವ ಅಪಾಯವಿತ್ತು. ಪ್ಯಾರಿಸಿನ ಹೋಟೆಲ್ ಕೋಣೆಯಲ್ಲಿ ಫೀಲಿಕ್ಸ್ ಒಂಟಿಯಾಗಿದ್ದಾನೆ. ದೂರದ ತಾಯ್ನಾಡಿನಲ್ಲಿ ನಾಂಡಿ ಎಂಬ ಕಪ್ಪು ಜನಾಂಗದ ಹೆಣ್ಣುಮಗಳು ನೆಲವನ್ನು ಅಳೆಯುತ್ತಾಳೆ; ಸತ್ತು ಬಿದ್ದವರ ಚಿತ್ರ ಬರೆಯುತ್ತಾಳೆ. ವೃತ್ತಪತ್ರಿಕೆಯ ಹಾಳೆಗಳು ಶವಗಳನ್ನು ಮುಚ್ಚುತ್ತವೆ; ಶವಗಳು ನೆಲದಲ್ಲಿ ಕರಗುತ್ತವೆ. ಕಡೆಗೆ ಗುಂಡೇಟಿಗೆ ಸಿಕ್ಕಿ ಅವಳಿಗೂ ಅದೇ ಗತಿ. ನೆಲ ಮರೆತುದನ್ನು ಕಾಗದ ಮರೆಯದು. ತಂತ್ರವೂ ಅರ್ಥವೂ ಇಲ್ಲಿ ಒಂದೇ ಆಗಿವೆ.

ಆದರೂ ನನ್ನದೊಂದು ತಕರಾರುಂಟು. ಒರಸಿದ ಇದ್ದಿಲಿನ ಬೂದುಬಣ್ಣ ಬಲು ಚೆಲುವು. ಆ ಚೆಲುವಿನಲ್ಲಿ ಕೊಲೆಯ ಕಟುತ್ವ ತಣ್ಣಗಾಗುವುದಿಲ್ಲವೆ? ಸಾಯುವವಳು ನಾಂಡಿ, ಮರುಗುವ ಭಾಗ್ಯ ಬಿಳಿಯ ಫೀಲಿಕ್ಸನದು. ಅವಳ ಮನೆ, ಅವಳ ಮಂದಿ, ಯಾವುದೂ ನಮಗೆ ತಿಳಿಯದು. ಸತ್ತವಳಿಗಿಂತ ಶೋಕಿಸುವವನೇ ದೊಡ್ಡವನಾದರೆ ಅದೂ ಒಂದು ಬಗೆಯ ಮರೆವೇ.

ಕೆಂಟ್ರಿಜ್ ಇದನ್ನು ಅರಿಯದವರಲ್ಲವೆಂದು ನನ್ನ ಭಾವನೆ. ಫೀಲಿಕ್ಸನಿಗೆ ತಮ್ಮ ಹೋಲಿಕೆಯನ್ನೇ ಕೊಟ್ಟು, ಕೊನೆಗೆ ಬಯಲಿನ ನೀರಿನಲ್ಲಿ ಅವನನ್ನು ಬೆತ್ತಲೆ ನಿಲ್ಲಿಸಿದ್ದಾರೆ. ಅವನಿಗೆ ಸಮಾಧಾನ ದೊರಕುವುದಿಲ್ಲ. ಇದರಿಂದ ನನ್ನ ತಕರಾರು ಅರ್ಧ ತೀರಿತು. ಉಳಿದರ್ಧ ನೋಡುವವರಾದ ನಮಗೆ ಸೇರಿದ್ದು. ಮಸುಕಿನ ಸೊಗಸನ್ನು ಮೆಚ್ಚಿ ಸುಮ್ಮನಾಗದೆ, ಅಲ್ಲಿ ಇದ್ದವರು ಯಾರು, ಅವರನ್ನು ಅಳಿಸಿದವರು ಯಾರು ಎಂದು ನಾವು ಕೇಳಬೇಕು.